ಮಾಮಾನ ಮಳಾದಾಗ ಅವ್ವ

ಬ್ಯಾಡ ಬ್ಯಾಡ ಅಂದರೂ ಅವ್ವನನ್ನು ಟಮಟಮಿಗೆ ಹತ್ತಿಸಿದೆವು.
ಶೆಳಗಿಯ ಓಣಿ ಇನ್ನೂ ಕಸ ಹೊಡೆಯುವ ಹೊತ್ತು.
'ಮೆಸ್ಸಿಂದು ನೂರಾ ಇಪ್ಪತ್ತು ರೊಟ್ಟಿ ಅದಾವೋ' ಅಂದಳು.
'ಇವತ್ತ ಹಸದಿರ್ಲಿ ಬಿಡು' ಅಂದ ತಮ್ಮ ರೇವಣ್ಣ,
'ಒಂದಿನ ನಿನ್ನ ಕೈಗೆ ಸೂಟಿ.'

ಸೂಟಿ ಅಂದದ್ದು ಕೇಳಿ ಅವಳ ಎರಡೂ ಕೈ
ಎಲ್ಲಿರಬೇಕೋ ತಿಳಿಯದೆ ಸೆರಗಿನೊಳಗೆ ಹೋದವು.

ವಳಸಂಗ ದಾಟಿ ಎಡಕ್ಕೆ ಹೊರಳಿದರೆ ಬಣ್ಣದ ಕಮಾನು:
ಮಾಮಾಚಾ ಮಳಾ.
'ಯಾರ ಮಾಮಾ?' ನೀಲಾ ವಹಿನಿ ಕೇಳಿದಳು.
ಪಾವತಿ ಹರಿಯುವವ ತಲೆಯೆತ್ತಲಿಲ್ಲ.
ತಲೆಗೆ ನಾನೂರಾ ಐವತ್ತು,
ಮೂರು ಫೂಟಿನ ಕೆಳಗಿದ್ದವರಿಗೆ ಅರ್ಧ.
ಗೋಡೆಗೆ ಬರೆದ ಜಿರಾಫೆಯ ಪಕ್ಕ
(ಜೋಳದ ಹೊಲದಲ್ಲಿ ಅದಕ್ಕೇನು ಕೆಲಸವೋ)
ಸೋಹಮ ಮೊಣಕಾಲು ಮಡಚಿ ನಿಂತ.
ಆದರೂ ನಾಕು ಬೆರಳು ಹೆಚ್ಚೇ ಆದ.

ಒಳಗೆ ಫೈಬರಿನ ಆಕಳು. ಕೆಚ್ಚಲಿಗೆ ರಬ್ಬರು.
ಹಿಂಡಿದರೆ ನೀರು, ಅದೂ ಸವಳು.
ಅಪ್ಪ ಯಾಕೋ ಅದರ ಬೆನ್ನು ಚಪ್ಪರಿಸಿದ,
ಬಿಸಿಲಿಗೆ ಕಾದಿತ್ತು, ಕೈ ಕೊಡವಿದ.
ಎತ್ತಿನ ಗಾಡಿ ಒಂದು ಸುತ್ತಿಗೆ ಮೂವತ್ತು.
ಎತ್ತುಗಳಿಗೆ ಹಾದಿ ಬಾಯಿಪಾಠ,
ಸೆಲ್ಫಿ ತೆಗೆಯುವ ಬಾವಿ ಬಂದಾಗ ತಾವೇ ನಿಂತವು.

ಸೀತನಿ ಮಾತ್ರ ಖರೆ.
ಕುಳ್ಳಿನ ಕೆಂಡದ ಕುಣಿಯಲ್ಲಿ ತೆನೆ ಹುಗಿದು
ಬೂದಿ ಝಾಡಿಸಿ, ಅಂಗೈಯಲ್ಲಿ ತಿಕ್ಕಿ, ಊದಿ,
ಹಸಿರು ಕಾಳು, ಒಳಗಿನ ಹಾಲು ಇನ್ನೂ ಆರದ್ದು,
ಮೇಲೆ ಶೇಂಗಾ ಹಿಂಡಿ, ಗಟ್ಟಿ ಮೊಸರು.
ಅಷ್ಟು ಹೊತ್ತು ನಮ್ಮ ಮನೆಯಲ್ಲಿ
ಯಾರೂ ಯಾರಿಗೂ ಏನೂ ಅನ್ನಲಿಲ್ಲ.

ಆಮೇಲೆ ಆ ಗುಡಿಸಲು.
'ಸ್ವತಃ ರೊಟ್ಟಿ ಬಡಿಯಿರಿ. ಐವತ್ತು ರೂಪಾಯಿ.'
ಒಲೆಯ ಮುಂದೆ ಇಳಕಲ್ ಸೀರೆಯ ಹೆಣ್ಣುಮಗಳು,
ಮೂಗಿಗೆ ಚಿಮಟಾದ ನತ್ತು,
ಎದುರಿಗೆ ಪುಣೆಯಿಂದ ಬಂದವರ ಸಾಲು.
ಕಪ್ಪು ಚಷ್ಮಾದ ಹುಡುಗಿ ಬಡಿದಳು.
ರೊಟ್ಟಿ ಹರಿದು, ಗಡಿ ಸರಿಯಿಲ್ಲದ ನಕಾಶೆಯಾಯಿತು.
ಎಲ್ಲರೂ ಚಪ್ಪಾಳೆ.

ಅವ್ವ ದೂರ ನಿಂತಿದ್ದಳು, ಬೆನ್ನು ಮಾಡಿ.
ನೋಡಲಿಲ್ಲ, ಕೇಳಿಸಿಕೊಂಡಳು.
ಆ ಹೆಣ್ಣುಮಗಳು ಬಡಿದು ತೋರಿಸುವಾಗ
ಎರಡನೇ ಪೆಟ್ಟು ಸಣ್ಣದಾಗುತ್ತಿತ್ತಂತೆ.
'ಆಕೀ ಬಲಗೈ ಬ್ಯಾನಿ ಐತಿ' ಅಂದಳು.
ನಾವು ಏನು ಎನ್ನುವುದರೊಳಗೆ
ಒಲೆಯ ಮುಂದೆ ಕುಂತೇಬಿಟ್ಟಿದ್ದಳು.
'ಏಳವಾ, ಒಂದೀಟ ನೀರು ಕುಡದು ಬಾ.'
ಆಕೆಗೆ ಕನ್ನಡ ಬರುತ್ತಿತ್ತು.
ನತ್ತು ತೆಗೆದು ಒಲೆಯ ದಂಡೆಗಿಟ್ಟು
ಎದ್ದು ಹೋದಳು, ಹೊಳ್ಳಿ ನೋಡದೆ.

ಅವ್ವ ಬಡಿದಳು.
ಚಂದ್ರನ ಹಾಗೆ ಇತ್ತು ಅಂತ ಹೇಳಲಾರೆ,
ರೊಟ್ಟಿ ರೊಟ್ಟಿಯ ಹಾಗೇ ಇತ್ತು.
ಅಂಚು ತೆಳು, ಹಂಚಿಗೆ ಬಿದ್ದು
ನೀರು ಸವರಿದಾಗ ಚುಂಯ್,
ಕೆಂಡಕ್ಕೆ ಆನಿಸಿದಾಗ ಹೊಟ್ಟೆ ಉಬ್ಬಿ ಎದ್ದದ್ದು.
'ಆಜೀ, ಇಕಡೇ ಬಘಾ!' ಮೊಬೈಲುಗಳು ಕರೆದವು.
ಅವ್ವ ನೋಡಿದಳು, ನಗಲಿಲ್ಲ.
ಏಳುವಾಗ ಯಾರೋ ಅವಳ ಉಡಿಗೆ ಹತ್ತರ ನೋಟು ಹಾಕಿದರು.

ಅಪ್ಪನ ಮುಖ ಕೆಂಡ. 'ಹೊಳ್ಳಿ ಕೊಡು ಅದನ್ನ.'
'ಯಾಕ ಕೊಡ್ಲಿ? ದುಡದೀನಿ.'
ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.

ಆ ಹೆಣ್ಣುಮಗಳು ಬಂದು ನತ್ತು ಸಿಕ್ಕಿಸಿಕೊಂಡಳು.
ಇಬ್ಬರ ನಡುವೆ ಏನೋ ಮಾತಾಯಿತು, ಸಣ್ಣ ದನಿಯಲ್ಲಿ,
ಸುಖದುಃಖದ್ದಲ್ಲ,
ಇಬ್ಬರೂ ಬೆರಳು ಎಣಿಸುತ್ತಿದ್ದರು.

ಹೊಳ್ಳಿ ಬರುವಾಗ ಸೋಹಮನಿಗೆ ನಿದ್ದೆ,
ಮುಷ್ಟಿಯಲ್ಲಿ ಬೆವೆತ ಸೀತನಿ.
'ಹರದ ರೊಟ್ಟಿಗೂ ಐವತ್ತ?' ಅವ್ವ ಕೇಳಿದಳು.
ಹೂಂ ಅಂದೆ.
ಕುಂಭಾರಿ ಬರುವತನಕ ಮಾತಿಲ್ಲ.

ಮರುದಿನ ಮುಂಜಾನೆ ಮೆಸ್ಸಿನ ಹುಡುಗ ಬುಟ್ಟಿ ತಂದ,
ರೊಟ್ಟಿಗೆ ಆರರಂತೆ ರೊಕ್ಕ ಎಣಿಸಹತ್ತಿದ.
'ಎಂಟು' ಅಂದಳು ಅವ್ವ, ಹಿಟ್ಟಿನಿಂದ ಕಣ್ಣೆತ್ತದೆ.
'ಯಾಕ ಆಯೀ, ಒಮ್ಮಿಗೇ?'
ಬಡಿತ ನಿಲ್ಲಲಿಲ್ಲ.
'ಮಾಮಾನ್ನ ಕೇಳ ಹೋಗು.'